ಒಣಗಿದ ಮರದ ತೊಟ್ಟಿಲು

ಒಂದು ಕಾಡಿನಲ್ಲಿ ಒಂದು ಅಂಗಡಿ ಇತ್ತು. ಆದರೆ ಆ ಅಂಗಡಿಯನ್ನು ಕಣ್ಣಾರೆ ಕಂಡವರು ಯಾರೂ ಇರಲಿಲ್ಲ. ಅದು ಹೊಳೆಯಾಚೆಯ ಗುಡ್ಡದಲ್ಲಿತ್ತು. ಅದರ ಯಜಮಾನ ನರಿರಾಯ. ಬೇಕಾದ್ದನ್ನು ಮೈನಾ ಹಕ್ಕಿಯ ಕಿವಿಯಲ್ಲಿ ಹೇಳಿದರೆ ಸಾಕು, ನೀರುನಾಯಿಗಳು ಸಾಮಾನನ್ನು ಹೊಳೆ ದಾಟಿಸಿ ಬಾಗಿಲಿಗೇ ತಂದಿಡುತ್ತಿದ್ದವು.

ಮೈನಾ ದಿನವೂ ಬಂದು ಕೂಗುತ್ತಿತ್ತು: "ಒಣಗಿದ ಮರ ಮಾತ್ರ! ಉದುರಿದ ಗರಿ ಮಾತ್ರ! ಹಸಿರನ್ನು ಮುಟ್ಟುವವರಲ್ಲ ನಾವು!"

ಸಾಮಾನು ಚೆಂದವಾಗಿಯೇ ಇದ್ದವು, ಸುಳ್ಳೇಕೆ ಹೇಳಲಿ? ಮೂರು ಕಾಲಿನ ಪೀಠ, ಕಾಯಿಯ ಚಿಪ್ಪಿನ ದೀಪ, ಗರಿಗಳನ್ನು ಹೆಣೆದ ಶಾಲು. ಎಲ್ಲವೂ 'ಡಿಸೈನರ್' ಸಾಮಾನಂತೆ. ಹಾಗೆಂದರೇನು ಎಂದು ಕೇಳಿದರೆ ಎಲ್ಲಿ ಮರ್ಯಾದೆ ಹೋಗುತ್ತದೋ ಎಂದು ಯಾರೂ ಕೇಳಲಿಲ್ಲ.

ಹೊಳೆಯ ಈಚೆ ದಡದಲ್ಲಿ ಜಾಂಬಕ್ಕ ಎಂಬ ಕರಡಿ ಇದ್ದಳು. ಒಳ್ಳೆಯವಳು. ತನ್ನಿಂದ ಒಂದು ಇರುವೆಗೂ ನೋವಾಗಬಾರದು ಎನ್ನುವವಳು, ಇರುವೆ ತಿನ್ನುವ ಹೊತ್ತನ್ನು ಬಿಟ್ಟು. ಅವಳ ಗುಹೆಯ ತುಂಬ ನರಿರಾಯನ ಅಂಗಡಿಯ ಸಾಮಾನೇ. "ನೋಡಿ, ಒಂದು ಹಸಿ ಎಲೆಯೂ ಹೋಗಿಲ್ಲ ಇದಕ್ಕೆ," ಎಂದು ಬಂದವರಿಗೆಲ್ಲ ತೋರಿಸುತ್ತಿದ್ದಳು.

ಜಾಂಬಕ್ಕನ ಬಾಲ್ಯದ ಗೆಳತಿ ಮಂಗಟ್ಟೆ ಹಕ್ಕಿ. ಆಚೆ ಗುಡ್ಡದ ಹಳೆಯ ಮತ್ತಿಮರದ ಪೊಟರೆ ಅವಳ ತವರು. ಅವಳ ಅಜ್ಜಿ, ಅವಳ ತಾಯಿ ಅಲ್ಲೇ ಮೊಟ್ಟೆಯಿಟ್ಟವರು. ಮಂಗಟ್ಟೆಯ ಬಾಣಂತನ ನಿಮಗೆ ಗೊತ್ತಲ್ಲ? ಹೆಣ್ಣು ಪೊಟರೆಯೊಳಗೆ ಕೂತು ಅದರ ಬಾಯಿಗೆ ಮಣ್ಣು ಮೆತ್ತಿ ಮುಚ್ಚಿಕೊಳ್ಳುತ್ತಾಳೆ. ಬಿಟ್ಟ ಸಣ್ಣ ಸಂದಿಯಲ್ಲಿ ಗಂಡ ಹಣ್ಣು ತಂದು ಕೊಡುತ್ತಾನೆ. ಮೊದಲೆಲ್ಲ ಜಾಂಬಕ್ಕ ಜೇನಿಗೆಂದು ಹೊಳೆ ದಾಟಿ ಹೋದಾಗ ಆ ಮರದ ಬುಡದಲ್ಲಿ ಕೂತು ಹರಟೆ ಹೊಡೆದು ಬರುತ್ತಿದ್ದಳು. ಎಲ್ಲವೂ ಬಾಗಿಲಿಗೇ ಬರತೊಡಗಿದ ಮೇಲೆ ಅವಳು ಹೊಳೆ ದಾಟಲೇ ಇಲ್ಲ.

ಆ ವರ್ಷ ಮಳೆ ನಿಂತಾಗ ಮಂಗಟ್ಟೆ ಗಂಡನೊಂದಿಗೆ ಹಣ್ಣು ಹುಡುಕಿ ದೂರದ ಕಾಡಿಗೆ ಹೋದಳು. ಬೇಸಿಗೆಗೆ ಬಾಣಂತನಕ್ಕೆ ಬರುತ್ತಾಳಲ್ಲ, ಗೆಳತಿಯ ಮರಿಗೆ ಏನಾದರೂ ಉಡುಗೊರೆ ಕೊಡೋಣ ಎಂದು ಜಾಂಬಕ್ಕ ಮೈನಾವನ್ನು ಕರೆದಳು.

"ಒಂದು ತೊಟ್ಟಿಲು ಬೇಕು ಕಣೋ. ಜೋಡಿಸಿದ್ದಲ್ಲ, ಪೊಟರೆ ಇರುವ ಒಂದೇ ದಿಮ್ಮಿಯದು. ಹಳೇ ಮರದ್ದೇ ಆಗಬೇಕು."

ಮೈನಾ ಹೇಳಿತು: "ಆಗಲಿ ಅಕ್ಕಾ. ಒಣಗಿಸಿದ ಮರ ಮಾತ್ರ!"

ಜಾಂಬಕ್ಕ ಹೊಟ್ಟೆ ಹಿಡಿದು ನಕ್ಕಳು. "ಒಣಗಿಸಿದ ಅಲ್ಲವೋ ಪೆದ್ದೇ, ಒಣಗಿದ. ಎಲ್ಲಿ, ಸರಿಯಾಗಿ ಹೇಳು?"

"ಒಣಗಿದ ಮರ ಮಾತ್ರ!"

"ಹಾಂ, ಜಾಣ!"

ಅಯ್ಯೋ, ಅವಳು ಆವತ್ತು ನಗದೇ ಇದ್ದಿದ್ದರೆ! ಮೈನಾಗೆ ಸುಳ್ಳು ಕಟ್ಟಲು ಬರುವುದಿಲ್ಲ. ಕೇಳಿದ್ದನ್ನು ಕೇಳಿದ ಹಾಗೆ ಹೇಳುತ್ತದೆ, ಅಷ್ಟೇ.

ಬೇಸಿಗೆಗೆ ಮುಂಚೆ ತೊಟ್ಟಿಲು ಬಂತು. ಮತ್ತಿಮರದ ದಿಮ್ಮಿ, ನುಣುಪಾದ ಒಡಲು. ಅಂಚಿನಲ್ಲಿ ಮಾತ್ರ ಗಟ್ಟಿಯಾದ ಮಣ್ಣು ಅಂಟಿತ್ತು. "ಇದೂ ಡಿಸೈನೇ ಇರಬೇಕು," ಅಂದುಕೊಂಡ ಜಾಂಬಕ್ಕ ಅದನ್ನು ಬೆನ್ನಿಗೇರಿಸಿ, ಎಷ್ಟೋ ಕಾಲದ ಮೇಲೆ ಹೊಳೆ ದಾಟಿದಳು.

ಗುಡ್ಡ ಬೋಳಾಗಿತ್ತು. ಅಲ್ಲೊಂದು ಇಲ್ಲೊಂದು ನಿಂತ ಮರಗಳಲ್ಲೂ ಎಲೆಯಿರಲಿಲ್ಲ. ಎಲ್ಲದರ ಬುಡದಲ್ಲೂ ಉಡಿದಾರ ಕಟ್ಟಿದ ಹಾಗೆ ಸುತ್ತಲೂ ತೊಗಟೆ ಹೋಗಿತ್ತು. ಮುಳ್ಳುಹಂದಿಯೊಂದು ಕೂತು ಇನ್ನೊಂದು ಮರದ ತೊಗಟೆ ಕಡಿಯುತ್ತಿತ್ತು.

"ಏನಪ್ಪಾ ಇದು?" ಎಂದಳು ಜಾಂಬಕ್ಕ.

"ನರಿರಾಯರ ಕೆಲಸ ಅಕ್ಕಾ. ಸುತ್ತ ತೊಗಟೆ ತೆಗೆದರೆ ಸಾಕು, ಮರ ತಾನೇ ಒಣಗುತ್ತದೆ. ಆಮೇಲೆ ಬೀಳಿಸುವುದು."

ಜಾಂಬಕ್ಕ ಮತ್ತಿಮರದ ಕಡೆಗೆ ಓಡಿದಳು. ಅಲ್ಲಿ ಮರ ಇರಲಿಲ್ಲ, ಮೋಟು ಇತ್ತು. ಮೋಟಿನ ಮೇಲೆ ತುಂಬು ಬಸುರಿ ಮಂಗಟ್ಟೆ ಕೂತಿದ್ದಳು. ಗೆಳತಿಯನ್ನು ಕಂಡವಳ ಕಣ್ಣು ಅವಳ ಬೆನ್ನ ಮೇಲಿನ ತೊಟ್ಟಿಲಿಗೆ ಹೋಯಿತು. ಹಾರಿ ಬಂದು ಅಂಚಿನ ಮಣ್ಣನ್ನು ಕೊಕ್ಕಿನಿಂದ ಮೆಲ್ಲಗೆ ಮುಟ್ಟಿದಳು.

"ಅಕ್ಕಾ, ಇದು ನನ್ನ ಬಾಗಿಲು."

"ನಿನಗೆಂದೇ ತರಿಸಿದ್ದು ತಂಗೀ," ಎಂದಳು ಜಾಂಬಕ್ಕ.

ಮಂಗಟ್ಟೆ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು. "ನೆಲದ ತೊಟ್ಟಿಲಲ್ಲಿ ಮೊಟ್ಟೆ ಉಳಿಯುವುದಿಲ್ಲ ಅಕ್ಕಾ. ನಿಂತ ಮರ ಬೇಕು," ಎಂದಷ್ಟೇ ಹೇಳಿ ಗಂಡನೊಂದಿಗೆ ಹಾರಿಹೋದಳು. ಆ ಬೇಸಿಗೆ ಅವಳಿಗೆ ಪೊಟರೆ ಸಿಗಲಿಲ್ಲವೆಂದು ಆಮೇಲೆ ತಿಳಿಯಿತು.

ಜಾಂಬಕ್ಕ ನರಿಯ ಬಿಲದ ಮುಂದೆ ನಿಂತು ಗರ್ಜಿಸಿದಳು. ನರಿ ಕೈಮುಗಿಯಿತು. "ನಾನೇನು ಸುಳ್ಳು ಹೇಳಿದೆನೇ ಅಕ್ಕಾ? ಒಣಗಿದ್ದನ್ನೇ ಬೀಳಿಸಿದ್ದು. ತೊಟ್ಟಿಲು ಕೇಳಿದವರೂ ನೀವೇ."

ಅದಕ್ಕೆ ಉತ್ತರವನ್ನು ಮಳೆ ಕೊಟ್ಟಿತು. ಬೇರು ಸತ್ತ ಗುಡ್ಡ ಮೊದಲ ದೊಡ್ಡ ಮಳೆಗೇ ಜರಿಯಿತು. ಬಿಲ, ಪೀಠ, ದೀಪ, ಶಾಲು ಎಲ್ಲ ಕೆಸರಿನಡಿ ಹೋದವು. ನರಿರಾಯ ತೊಯ್ದು ತೊಪ್ಪೆಯಾಗಿ ನಡುಗುತ್ತ ಮನೆಮನೆಗೂ ಅಲೆದ. "ಒಂದಿಷ್ಟು ಒಣಗಿದ ಜಾಗ ಇದ್ದರೆ ಕೊಡಿ."

"ಒಣಗಿಸುವ ವಿದ್ಯೆ ನಿಮಗೇ ಗೊತ್ತಲ್ಲ ರಾಯರೇ, ಒಣಗಿಸಿಕೊಳ್ಳಿ," ಎಂದು ಎಲ್ಲರೂ ಬಾಗಿಲು ಹಾಕಿಕೊಂಡರು. ಮಾಡಿದ್ದುಣ್ಣೋ ಮಹಾರಾಯ!

ಆದರೆ ನರಿ ಮಳೆಯಲ್ಲಿ ನೆನೆದರೆ ಮತ್ತಿಮರ ಎದ್ದು ನಿಲ್ಲುತ್ತದೆಯೇ? ಜಾಂಬಕ್ಕ ಮೋಟಿನ ಪಕ್ಕದಲ್ಲಿ ಮತ್ತಿಯ ಸಸಿ ನೆಟ್ಟಳು. ಅದರಲ್ಲಿ ಪೊಟರೆಯಾಗುವ ಕಾಲಕ್ಕೆ ತಾನು ಇರುವುದಿಲ್ಲವೆಂದು ಅವಳಿಗೆ ಗೊತ್ತಿತ್ತು. ಮೈನಾ ಈಗಲೂ ಅವಳ ಗುಹೆಗೆ ಬರುತ್ತದೆ, "ಒಣಗಿದ ಮರ ಮಾತ್ರ!" ಎನ್ನುತ್ತದೆ.

"ಒಣಗಿಸಿದ ಅನ್ನೋ, ನನ್ನಪ್ಪಾ," ಎಂದು ಜಾಂಬಕ್ಕ ಬೇಡಿಕೊಳ್ಳುತ್ತಾಳೆ.

ಮೈನಾ ತಲೆ ಓರೆ ಮಾಡಿ, ಅವಳು ಕಲಿಸಿದ್ದನ್ನೇ ಮತ್ತೆ ಸರಿಯಾಗಿ ಹೇಳುತ್ತದೆ.

ನೀತಿ: ಬಾಗಿಲಿಗೆ ಬಂದ ವಸ್ತು ಎಲ್ಲಿಂದ ಬಂತೆಂದು ಹೋಗಿ ನೋಡಬೇಕು, ಕಿವಿಗೆ ಬಿದ್ದ ನಿಜವನ್ನು ನಮಗೆ ಹಿತವಾಗುವಂತೆ ತಿದ್ದಬಾರದು.