ಗುಂಡಕಲ್ಲಿಗೆ ಕುಂಚಿಗೆ ಹಾಕಿದ ಹೊನ್ನವ್ವ

ನನ್ನ ಹೆಂಡತಿ ಕಾಶವ್ವ ಕೊನೆಗೆ ಆಡಿದ ಮಾತು ಇದು: "ಪಾರಿಗೆ ಹೊನ್ನವ್ವನ ಕತಿ ಹೇಳತೇನಿ ಅಂದಿದ್ದೆ. ನೀವಾ ಹೇಳ್ರಿ."

ಹೇಳಿ ಗೋಡೆಯ ಕಡೆ ಹೊರಳಿದಳು. ಮತ್ತೆ ಮಾತಾಡಲಿಲ್ಲ.

ನಾನು ಮಗ್ಗದ ಮುಂದೆ ಕೂತು ವಯಸ್ಸು ಕಳೆದವನು. ಕುಬಸದ ಬಟ್ಟೆ, ಅಂದರೆ ಕಣ, ನೇಯುವುದು ಗೊತ್ತು. ಕತೆ ಹೇಳುವುದು ಗೊತ್ತಿಲ್ಲ. ಇವತ್ತು ಹೇಳೋಣ, ನಾಳೆ ಹೇಳೋಣ ಅಂತ ಎರಡು ತಿಂಗಳು ಹೋಯಿತು. ಅಷ್ಟರಲ್ಲಿ ಮಗಳು ಮಹಾದೇವಿ, ಪಾರಿಯ ಅವ್ವ, ಎರಡನೇದು ಹಡೆದಳು. ಗಂಡು. ಓಣಿಯ ಹೆಂಗಸರು ಬಂದು ತೊಟ್ಟಿಲ ಕಾರ್ಯ ಯಾವಾಗ, ಹೆಸರು ಏನಿಡುತ್ತೀರಿ ಅಂತ ಕೇಳಿದರು. ಅವ್ವ ಇಲ್ಲದ ತೊಟ್ಟಿಲು ನನಗೆ ಬೇಡ ಅಂದಳು ಮಹಾದೇವಿ. ಅಷ್ಟು ಅಂದು ಕೋಣೆಯ ಬಾಗಿಲು ಹಾಕಿಕೊಂಡಳು. ಕೂಸು ನೆಲದ ಮೇಲೆ ಕೌದಿಯಲ್ಲಿ ಮಲಗುತ್ತಿತ್ತು. ಹೆಸರಿಲ್ಲ. ಪಾರಿ ತನ್ನ ತಮ್ಮನನ್ನು ಏ ಇವನ ಅಂತ ಕರೆಯುತ್ತಿದ್ದಳು.

ಒಂದು ಸಂಜೆ ಉಂಡಾದ ಮೇಲೆ ಪಾರಿ ಬಂದು ನನ್ನ ಮಗ್ಗುಲಿಗೆ ಮಲಗಿದಳು. ಅಜ್ಜಾ, ನಿನಗ ಕತಿ ಬರೂದಿಲ್ಲೇನು ಅಂದಳು. ಬರತೈತಿ ಅಂದೆ. ಬಾಣಂತಿ ಕೋಣೆಯ ಬಾಗಿಲು ಅರ್ಧ ತೆರೆದಿತ್ತು. ಲೋಬಾನದ ಹೊಗೆ ಹೊರಗೆ ಬರುತ್ತಿತ್ತು. ಶುರು ಮಾಡಿದೆ.

ನಿಮ್ಮಜ್ಜಿಯ ಅಜ್ಜಿಯ ಅಜ್ಜಿ ಇನ್ನೂ ತೊಟ್ಟಿಲಲ್ಲಿ ಕಾಲು ಬಡಿಯುತ್ತಿದ್ದಳಲ್ಲ, ಆ ಕಾಲಕ್ಕೆ ಒಂದೂರಲ್ಲಿ ಹೊನ್ನವ್ವ ಅಂತ ಒಬ್ಬಳು ಇದ್ದಳಂತೆ. ಅವಳ ಗಂಡ ಕಣದ ಗಂಟು ಎತ್ತಿನ ಮೇಲೆ ಹೇರಿಕೊಂಡು ಸಂತೆ ಸಂತೆ ತಿರುಗುವವನು, ಹೋದರೆ ತಿಂಗಳುಗಟ್ಟಲೆ ಬರುವವನಲ್ಲ. ಅತ್ತೆ ಇಲ್ಲ, ಅವ್ವ ಇಲ್ಲ. ಹೊನ್ನವ್ವ ಒಂದು ಗಂಡು ಕೂಸು ಹಡೆದಳಂತೆ. ನೋಡಲು ಹೆಂಗಿತ್ತು ಅಂದರೆ ಬೆಣ್ಣೆ ಮುದ್ದೆಗೆ ಕಣ್ಣು ಮೂಗು ಇಟ್ಟಂಗೆ ಇತ್ತಂತೆ. ಅವಳಿಗೆ ಒಂದೇ ಆಸೆ. ನನ್ನ ಕೂಸಿನ ತೊಟ್ಟಿಲು ಊರ ಹೆಂಗಸರೆಲ್ಲ ಸೇರಿ ತೂಗಬೇಕು, ಕೂಸಿಗೆ ಏನೂ ಆಗಬಾರದು.

ಏನಾಗತೈತಿ ಅಂತ ಕೇಳಿದಳು ಪಾರಿ. ಹೇಳತೇನಿ ತಡಿ ಅಂದೆ.

ಪಕ್ಕದ ಮನೆಯಲ್ಲಿ ಸೂಲಗಿತ್ತಿ ಭರಮವ್ವ ಇದ್ದಳಂತೆ. ಬೆಳಕು ಹರಿದ ಕೂಡಲೇ ಬಂದು, ಕಾಲು ಚಾಚಿ ಕೂತು, ಕೂಸನ್ನು ಕಾಲ ಮೇಲೆ ಬೋರಲು ಹಾಕಿಕೊಂಡು, ಎಣ್ಣೆ ತಿಕ್ಕಿ, ಕಡಲೆಹಿಟ್ಟು ತಿಕ್ಕಿ, ಮೂಗು ನೀವಿ, ಬಿಸಿನೀರು ಸುರಿಯುತ್ತಿದ್ದಳಂತೆ. ಅದು ಓಣಿಗೆ ಕೇಳುವಂಗೆ ಚೀರುತ್ತಿತ್ತಂತೆ. ಆಮೇಲೆ ಹೊಗೆ ಹಾಕಿಸಿಕೊಂಡು ಗುಬ್ಬಿಯಂಗೆ ನಿದ್ದೆ ಹೋಗುತ್ತಿತ್ತಂತೆ. ಆಮೇಲೆ ಹೊನ್ನವ್ವನ ಸರದಿ. ಅವಳಿಗೂ ಕುದಿಯುವ ನೀರು, ತಲೆಗೆ ಬಿಗಿದು ಕಟ್ಟಿದ ಬಟ್ಟೆ, ಬಳ್ಳೊಳ್ಳಿ ಒಗ್ಗರಣೆ ಹಾಕಿದ ಸಬ್ಬಸಿಗೆ ಪಲ್ಯ, ಬಿಸಿ ಅನ್ನ, ಉಂಡ ಮೇಲೆ ಒಂದು ಅಂಟಿನುಂಡೆ. ಉಂಡು ಕೈ ತೊಳೆಯುವುದರೊಳಗೆ ಕೂಸು ಏಳುತ್ತಿತ್ತಂತೆ. ಕುಡಿಸಬೇಕು, ಒರೆಸಬೇಕು, ಬಟ್ಟೆ ಬದಲಿಸಬೇಕು, ಮತ್ತೆ ಕುಡಿಸಬೇಕು. ನಿಮ್ಮಜ್ಜಿ ನಿಮ್ಮವ್ವನನ್ನು ಹಡೆದಾಗ ನಾನು ನೋಡೇನಿ. ಮಗ್ಗಕ್ಕೂ ಹೊತ್ತು ಮುಳುಗಿದರೆ ಬಿಡುವು ಉಂಟು. ಬಾಣಂತಿಗೆ ಇಲ್ಲ.

ಇಷ್ಟರ ನಡುವೆ ಹೊನ್ನವ್ವ ಸೂಜಿ ಹಿಡಿಯುತ್ತಿದ್ದಳಂತೆ. ಹಸಿ ಬಾಣಂತಿ ಸೂಜಿ ಹಿಡಿದರೆ ಕಣ್ಣು ಹೋಗತಾವು ಅಂತ ಭರಮವ್ವ ಬೈದರೆ, ಕೂಸು ನೋಡಾಕ ಒಂದು ಉಳಿದರ ಸಾಕು ಬಿಡಬೇ ಅನ್ನುತ್ತಿದ್ದಳಂತೆ. ಗಂಡ ಅವಳ ಕುಬಸಕ್ಕೆ ಅಂತ ತಂದಿದ್ದ ಕಣದ ತುಂಡಿನಲ್ಲಿ ಒಂದು ಕುಂಚಿಗೆ ಹೊಲಿದಳಂತೆ. ತಲೆಗೆ ಟೊಪ್ಪಿಗೆ, ಬೆನ್ನ ಮೇಲೆ ಇಳಿಬಿದ್ದ ಬಾಲ, ಕೆಂಪು ಮೈ, ನೀಲಿ ಅಂಚು, ಅಂಚಿಗೆ ಕವಡೆ, ನೆತ್ತಿಗೆ ಚಿಟಿಕೆಯಷ್ಟು ಕನ್ನಡಿ. ಕೈಗೆ ಕರಿಮಣಿ ಬಿಳಿಮಣಿ ಪೋಣಿಸಿದ ಬಿಂದಲಿ. ಉಡದಾರಕ್ಕೆ ಎರಡು ಗೆಜ್ಜೆ, ಕೂಸು ಒದ್ದಾಗ ಮಾತ್ರ ಸಪ್ಪಳ ಬರುವಂಗೆ. ಮೂರು ಓಣಿಯ ಹೆಂಗಸರು ಬಂದು ಮುಟ್ಟಿ ಮುಟ್ಟಿ ನೋಡಿ, ಎಲ್ಲಿ ಸಿಕ್ಕಿತ್ತ ನಮ್ಮವ್ವಾ ಇದು, ಯಾವ ಪ್ಯಾಟಿದು ಅಂತ ಕೇಳಿದರಂತೆ. ನನ್ನ ಕುಬಸದ ತೋಳು ಹೋಗಿ ಇದಾತು ಅಂದಳಂತೆ ಹೊನ್ನವ್ವ.

ಈಗ ಕೇಳು. ಆ ಊರ ಗೌಡರ ಹೆಂಡತಿ ಗೌಡಶಾನಿ. ಕೆಟ್ಟವಳಲ್ಲ, ಕೈಯೂ ದೊಡ್ಡದು. ಆದರೆ ಕಣ್ಣು ಇತ್ತಲ್ಲ, ಅದು ಕೆಟ್ಟದ್ದು. ಏನನ್ನಾದರೂ ನೋಡಿ ಚಂದ ಐತಿ ಅಂದಳೋ, ಅದಕ್ಕೆ ನೆದರು ಬಿತ್ತೇ ಅಂತ ತಿಳಿ. ಬಳ್ಳಿಯ ಕುಂಬಳ ಚಂದ ಅಂದಳು, ಮರುದಿನ ಕೊಳೆಯಿತು. ಎಮ್ಮೆಯ ಕೆಚ್ಚಲು ಚಂದ ಅಂದಳು, ಹಾಲು ಇಂಗಿತು. ಆಕೆ ಓಣಿಗೆ ಬಂದರೆ ಜನ ಕರುವನ್ನು ಹಿತ್ತಲಿಗೆ ಎಳೆಯುತ್ತಿದ್ದರಂತೆ, ಕಾಯಿಗೆ ಬುಟ್ಟಿ ಮುಚ್ಚುತ್ತಿದ್ದರಂತೆ, ಮೀಸೆ ಚೆಂದ ಇದ್ದವರು ಬಾಯಿಗೆ ವಲ್ಲಿ ಸುತ್ತಿಕೊಳ್ಳುತ್ತಿದ್ದರಂತೆ. ಆದರೆ ಊರ ಯಾವ ಮನೆಯಲ್ಲಿ ಹಡೆದರೂ ಗೌಡರ ಮನೆಯಿಂದ ಉತ್ತತ್ತಿ ಕೊಬ್ಬರಿ ಬರುವುದು ರೂಢಿ, ತರುವವಳು ಗೌಡಶಾನಿ. ಬರಬೇಡ ಅನ್ನುವುದು ಯಾರಿಂದ ಆಗುತ್ತದೆ.

ಐದನೇ ದಿನದ ಪೂಜೆಗೆ ಬಂದಳಂತೆ ಗೌಡಶಾನಿ. ಹೊನ್ನವ್ವ ಏನು ಮಾಡಿದಳು, ಕೂಸನ್ನು ಸೆರಗಿನೊಳಗೆ ಮುಚ್ಚಿ, ಕುಂಚಿಗೆಯನ್ನು ಬಾಗಿಲ ಎದುರು ಗೂಟಕ್ಕೆ ತೂಗುಹಾಕಿದಳಂತೆ. ಗೌಡಶಾನಿ ಒಳಗೆ ಕಾಲಿಟ್ಟಳು, ಕನ್ನಡಿ ಮಿಂಚಿತು, ಕಣ್ಣು ಅಲ್ಲೇ ಹೋಯಿತು. ಎಷ್ಟ ಚಂದ ಐತ ನಮ್ಮವ್ವಾ ಕುಂಚಿಗಿ ಅಂದಳಂತೆ. ಅಂದದ್ದೇ ತಡ, ಹೊಲಿಗೆಯೆಲ್ಲ ಸರ್ರನೆ ಬಿಚ್ಚಿ, ಕವಡೆ ಉದುರಿ ಮನೆ ತುಂಬ ಉರುಳಿದವಂತೆ. ಕೂಸು ಸೆರಗಿನೊಳಗೆ ಕುಡಿಯುತ್ತಲೇ ಇತ್ತು. ಗೌಡಶಾನಿ ಕೊಬ್ಬರಿ ಇಟ್ಟು, ತಲೆ ತಗ್ಗಿಸಿ ಹೋದಳಂತೆ.

ಹೊನ್ನವ್ವ ಅಳಲಿಲ್ಲ. ಕವಡೆ ಆರಿಸಿ ಮತ್ತೆ ಹೊಲಿಯಲು ಕೂತಳಂತೆ.

ಆಮೇಲೆ ಸ್ವಲ್ಪ ದಿನ ಬಿಟ್ಟು ಎರಡನೇ ಸಲ, ಬಾಣಂತಿಗೆ ತುಪ್ಪ ತಂದೇನಿ ಅಂತ ಬಂದಳಂತೆ. ಈ ಸಲ ಹೊನ್ನವ್ವ ಕೌದಿ ಹಾಸಿದ್ದಳು. ಅದರ ನಡುವೆ ನವಿಲು, ಹಸಿರು ತುಂಡು ನೀಲಿ ತುಂಡು ಸೇರಿಸಿ ಹೊಲಿದ ನವಿಲು, ಗರಿ ಬಿಚ್ಚಿ ನಿಂತಿತ್ತು. ಕೂಸನ್ನು ಕೌದಿಯ ಕೆಳಗೆ ಮಲಗಿಸಿದ್ದಳು. ಗೌಡಶಾನಿ ತಡೆದುಕೊಳ್ಳಲು ನೋಡಿದಳಂತೆ, ತುಟಿ ಕಚ್ಚಿದಳಂತೆ, ಆಗಲಿಲ್ಲ. ನವಿಲು ಚಂದ ಐತಿ ಅಂದುಬಿಟ್ಟಳು. ಬಣ್ಣವೆಲ್ಲ ಸೋರಿ, ಗರಿ ಉದುರಿ, ನವಿಲು ಹೋಗಿ ಬೋಳು ಕೋಳಿ ನಿಂತಿತಂತೆ.

ಪಾರಿ ನಕ್ಕಳು. ಒಳಗೆ ಕೌದಿ ಸರಿಸಿದ ಸಪ್ಪಳ ಕೇಳಿತು.

ಆಮೇಲೆ ತೊಟ್ಟಿಲ ದಿನ ಬಂತು. ಬಡಗಿ ಬಣ್ಣ ಹಚ್ಚಿದ ತೊಟ್ಟಿಲು ತಂದು ಕಟ್ಟಿದ, ನಾಲ್ಕು ಮೂಲೆಗೆ ನಾಲ್ಕು ಗಿಳಿ. ಹೆಂಗಸರು ಹೊಸ ಸೀರೆ ಉಟ್ಟು, ಕುಚ್ಚಿದ ಕಡಲೆ ತಟ್ಟೆಯಲ್ಲಿಟ್ಟುಕೊಂಡು ಬಂದರು. ಗೌಡಶಾನಿಯೂ ಬಂದಳು. ಯಾವ ಮನೆಯಲ್ಲೂ ಅವಳನ್ನು ತೊಟ್ಟಿಲ ತನಕ ಬಿಟ್ಟವರಿಲ್ಲವಂತೆ. ಪಡಸಾಲೆಯಲ್ಲೇ ಕೂರಿಸಿ, ಅರಿಶಿಣ ಕುಂಕುಮ ಕೊಟ್ಟು, ಉಡಿ ತುಂಬಿ, ನಯವಾಗಿ ಕಳಿಸುತ್ತಿದ್ದರಂತೆ. ಈ ಸಲ ಅವಳು ಏಳಲಿಲ್ಲ. ನನಗೂ ವಯಸ್ಸಾತು, ಒಂದು ತೊಟ್ಟಲಾದರೂ ನೋಡತೇನಿ ಅಂದಳಂತೆ.

ಹೊನ್ನವ್ವ ಬರ್ರಿ ಅಂದಳು.

ನೀನು ನೋಡೀಯಲ್ಲ ಪಾರಿ, ಕೂಸಿಗಿಂತ ಮೊದಲು ತೊಟ್ಟಿಲಲ್ಲಿ ಯಾರನ್ನು ಮಲಗಿಸುತ್ತಾರೆ? ಗುಂಡಪ್ಪನ್ನ ಅಂದಳು ಪಾರಿ. ಹೌದು, ಒರಳ ಗುಂಡಕಲ್ಲು. ಅದಕ್ಕೆ ಕೂಸಿನ ಬಟ್ಟೆ ಹಾಕಿ, ಅದನ್ನು ತೂಗಿ, ಆಮೇಲೆ ಕೂಸು. ಎಲ್ಲರಿಗೂ ಗೊತ್ತು. ಗೌಡಶಾನಿಗೆ ಒಬ್ಬಳಿಗೆ ಗೊತ್ತಿಲ್ಲ, ಪಾಪ, ಅವಳು ಎಂದೂ ನೋಡಿಲ್ಲ. ಹೊನ್ನವ್ವ ಆ ದಿನ ಗುಂಡಕಲ್ಲಿಗೆ ಎಷ್ಟು ಸಿಂಗಾರ ಮಾಡಿದ್ದಳು ಅಂದರೆ, ಹೊಸದಾಗಿ ಹೊಲಿದ ಕುಂಚಿಗೆ, ಬಿಂದಲಿ, ಕಾಡಿಗೆಯ ಬೊಟ್ಟು. ಗೌಡಶಾನಿ ಬಗ್ಗಿ ನೋಡಿದಳಂತೆ. ಎಂಥಾ ಗುಂಡನ್ನ ಕೂಸು, ಕೈಕಾಲು ಸೈತ ಆಡಸವಲ್ದು, ಎಷ್ಟ ಶಾಣ್ಯಾ, ಎಷ್ಟ ಚಂದ ಅಂದಳಂತೆ.

ಫಟ್ ಅಂತ ಸಪ್ಪಳಾಯಿತು. ಗುಂಡಕಲ್ಲು ನಡುವೆ ಸೀಳಿ ಎರಡಾಯಿತು.

ಕಲ್ಲಿಗೆ ನೋವಾತೇನಜ್ಜಾ ಅಂದಳು ಪಾರಿ. ಕಲ್ಲಿಗೆ ಆಗಲಿಲ್ಲ, ಗೌಡಶಾನಿಗೆ ಆಯಿತು ಅಂದೆ.

ಹೆಂಗಸರೆಲ್ಲ ನಕ್ಕರಂತೆ. ಕೂಸು ಉಳೀತು, ಹೊನ್ನವ್ವ ಗೆದ್ದಳು ಅಂತ ಒಬ್ಬರ ಕೈ ಒಬ್ಬರು ತಟ್ಟಿದರಂತೆ. ಗೌಡಶಾನಿ ಮಾತ್ರ ನೆಲಕ್ಕೆ ಕುಸಿದು ಮುಖದ ಮೇಲೆ ಸೆರಗು ಎಳೆದುಕೊಂಡಳಂತೆ. ತಾನು ಒಂದು ಕೂಸನ್ನು ಕೊಂದೆ ಅಂತ ತಿಳಿದಿದ್ದಳು. ಅದು ಕಲ್ಲಬೇ ಅಂತ ಭರಮವ್ವ ಹೇಳಿದ ಮೇಲೂ ಅವಳು ನಗಲಿಲ್ಲ. ಮೆಲ್ಲಗೆ ಎದ್ದಳು.

"ಕಲ್ಲಾತು, ಚೊಲೋ ಆತು. ಕೂಸಿನ ಮ್ಯಾಲ ಸೆರಗ ಹಾಕವ್ವಾ, ನಾ ದಾಟಿ ಹೋಗೂತನಕ."

ಅಲ್ಲಿತನಕ ಸೆರಗಿನೊಳಗೆ ಬಚ್ಚಿಟ್ಟಿದ್ದ ಕೂಸು ಈಗ ಹೊನ್ನವ್ವನ ತೊಡೆಯ ಮೇಲೆ ಇತ್ತು. ಅದಕ್ಕೆ ಈಗಷ್ಟೇ ಕಾಡಿಗೆ ಹಚ್ಚಿದ್ದಳು, ಹರಳೆಣ್ಣೆ ದೀಪದ ಮಸಿಗೆ ತುಪ್ಪ ಕಲಸಿ ಮಾಡಿದ ಕಾಡಿಗೆ. ಬೆರಳಲ್ಲಿ ಇನ್ನೂ ಸ್ವಲ್ಪ ಉಳಿದಿತ್ತು. ಅವಳು ಗೌಡಶಾನಿಯ ಕಣ್ಣು ನೋಡಿದಳಂತೆ. ಇಷ್ಟು ದಿನ ಆ ಕಣ್ಣಿನಿಂದ ಬಚ್ಚಿಡುವುದರಲ್ಲೇ ಇದ್ದಳು, ಕಣ್ಣನ್ನು ನೋಡಿರಲಿಲ್ಲ. ಒಣಗಿ, ಕೆಂಪಾಗಿ, ರೆಪ್ಪೆ ಉದುರಿದ ಕಣ್ಣು.

ನಿಮ್ಮ ಕಣ್ಣಿಗೆ ಕಾಡಿಗಿ ಹಚ್ಚಿ ಎಷ್ಟ ದಿನಾತ್ರಿ ಅಂತ ಕೇಳಿದಳಂತೆ.

"ನಮ್ಮವ್ವ ಸತ್ತಮ್ಯಾಲ ಯಾರ ಹಚ್ಚತಾರವ್ವಾ."

ಕುಂದರ್ರಿ ಅಂದಳಂತೆ ಹೊನ್ನವ್ವ. ಕೂರಿಸಿ, ಗದ್ದ ಹಿಡಿದು ಮೇಲೆತ್ತಿ, ಕೂಸಿಗೆ ಹಚ್ಚಿದ ಬೆರಳಿನಿಂದಲೇ ಆ ಕಣ್ಣಿಗೆ ಒಂದು ಗೆರೆ, ಈ ಕಣ್ಣಿಗೆ ಒಂದು ಗೆರೆ ಎಳೆದಳಂತೆ. ಮನೆಯ ಕಾಡಿಗೆ ಉರಿಯುತ್ತದೆ. ಗೌಡಶಾನಿಯ ಕಣ್ಣಲ್ಲಿ ನೀರು ಬಂತು. ಮೊದಲು ಉರಿಗೆ ಬಂತು. ಆಮೇಲೆ ಯಾತಕ್ಕೆ ಬಂತೋ, ನಿಲ್ಲಲೇ ಇಲ್ಲವಂತೆ. ಕರ್ರಗೆ ಹರಿದು ಕೆನ್ನೆ ಇಳಿದು ಸೆರಗು ನೆನೆಯಿತಂತೆ. ಹೊನ್ನವ್ವ ತನ್ನ ಸೆರಗಿನ ತುದಿಯಿಂದ ಆಕೆಯ ಮುಖ ಒರೆಸಿ, ಕೂಸನ್ನು ಎತ್ತಿ ಆಕೆಯ ಉಡಿಗೆ ಹಾಕಿಬಿಟ್ಟಳಂತೆ.

ಹುಚ್ಚಿ, ಕೊಡಬ್ಯಾಡ ಅಂತ ಭರಮವ್ವ ಕೈ ಚಾಚಿದಳು. ಹೊನ್ನವ್ವ ತಿರುಗಿ ತಗೊಳ್ಳಲಿಲ್ಲ. ಗೌಡಶಾನಿ ಕೂಸನ್ನು ನೋಡಿದಳು. ಮಾತು ತುಟಿಗೆ ಬಂತು, ನುಂಗಿದಳು. ಮತ್ತೆ ಬಂತು, ಮತ್ತೆ ನುಂಗಿದಳು.

"ಹೇಳ್ರಿ," ಅಂದಳಂತೆ ಹೊನ್ನವ್ವ.

"ನಿನ್ನ ಮಗಾ ಭಾಳ ಚಂದ ಅದಾನವ್ವಾ."

ಎಲ್ಲರೂ ಕೂಸಿನ ಕಡೆ ಬಗ್ಗಿ ನೋಡಿದರು. ಕೂಸು ಬಾಯಿ ದೊಡ್ಡದು ಮಾಡಿ ಆಕಳಿಸಿತಂತೆ. ಒಂದು ಸಲ ಒದ್ದಿತು, ಗೆಜ್ಜೆ ಸಪ್ಪಳ ಬಂತು. ಆಮೇಲೆ ಗೌಡಶಾನಿಯ ಹೊಸ ಇಳಕಲ್ ಸೀರೆಯ ಮೇಲೆ ಬೆಚ್ಚಗೆ ಉಚ್ಚಿ ಹೊಯ್ದಿತಂತೆ. ಈ ಸಲ ಹೆಂಗಸರು ನಕ್ಕಾಗ ಗೌಡಶಾನಿಯೂ ನಕ್ಕಳು. ತೊಟ್ಟಿಲ ಕೆಳಗಿನಿಂದ ಅವಳೇ ಕೂಸನ್ನು ದಾಟಿಸಿ ಕೊಟ್ಟಳು, ಮೇಲಿನಿಂದ ಭರಮವ್ವ ತಗೊಂಡಳು, ಎಲ್ಲರೂ ಕೈ ಹಚ್ಚಿ ತೂಗಿದರು. ಆಮೇಲೆ ಆ ಊರಲ್ಲಿ ಯಾರು ಹಡೆದರೂ ಮೊದಲ ಕರೆ ಗೌಡಶಾನಿಗೆ ಹೋಗುತ್ತಿತ್ತಂತೆ. ಆಕೆ ನೋಡಿದ ಬಳ್ಳಿಗೆ ಎರಡು ಕಾಯಿ ಹೆಚ್ಚು ಬಿಡುತ್ತಿದ್ದವಂತೆ. ಹೊನ್ನವ್ವನ ಗಂಡ ಸಂತೆಯಿಂದ ಬಂದು, ಮಗನನ್ನು ನೋಡಿ, ಒಡೆದ ಗುಂಡಕಲ್ಲು ನೋಡಿ, ಇದ್ಯಾರು ಒಡದರು ಅಂತ ಕೇಳಿದನಂತೆ. ಯಾರೂ ಹೇಳಲಿಲ್ಲವಂತೆ. ಕತೆ ತೊಟ್ಟಿಲು ಏರಿ ಮಲಗಿತು, ಇನ್ನು ನೀನೂ ಮಲಗು.

ಪಾರಿ ಆಗಲೇ ಮಲಗಿದ್ದಳು. ಕೋಣೆಯೊಳಗಿಂದ ಮಹಾದೇವಿಯ ದನಿ ಬಂತು.

"ಅಪ್ಪಾ, ಕೂಸು ಉಚ್ಚಿ ಹೊಯ್ದದ್ದು ಅವ್ವನ ಕತಿಯೊಳಗ ಇರಲಿಲ್ಲ."

"ಇರಲಿಲ್ಲ," ಅಂದೆ.

"ಮತ್ತ?"

"ಕೂಸು ಅಂದಮ್ಯಾಲ ಹೊಯ್ಯೂದಾ ಅಲ್ಲೇನು."

ನಕ್ಕಳೋ ಅತ್ತಳೋ, ಬಾಗಿಲ ಈಚೆ ಇದ್ದ ನನಗೆ ತಿಳಿಯಲಿಲ್ಲ. ಕೂಸು ಕುಡಿಯುವ ಸಪ್ಪಳ ಕೇಳುತ್ತಿತ್ತು. ಅದೂ ನಿಂತ ಮೇಲೆ, ತೊಟ್ಟಲಕ್ಕ ಐತವಾರ ಹೆಂಗಪಾ ಅಂದಳು. ಆಗಲಿ ಅಂದೆ.

ಮರುದಿನ ಮುಂಜಾನೆ ಜಳಕ ಮಾಡಿ, ಕಾಶವ್ವನ ಕುಂಕುಮದ ಭರಣಿ ಹಿಡಿದು ಓಣಿಯವರನ್ನು ಕರೆಯಲು ಹೊರಟೆ. ಹೆಂಗಸರು ಹೋಗಿ ಕರೆಯುವ ಕರೆ ಅದು. ಮೊದಲ ಮನೆಯ ನೀಲವ್ವ ಬಾಗಿಲಿಗೆ ಬಂದು ನನ್ನನ್ನು ನೋಡಿದಳು, ಭರಣಿ ನೋಡಿದಳು. ಗಂಡಸರು ಹಚ್ಚಂಗಿಲ್ಲ ಕಾಕಾ, ಕೊಡು ಇಲ್ಲಿ ಅಂತ ತಾನೇ ಬೆರಳು ಅದ್ದಿ ಹಣೆಗೆ ಹಚ್ಚಿಕೊಂಡಳು. ಐತವಾರ ನಮ್ಮ ಮಹಾದೇವಿ ಕೂಸಿನ ತೊಟ್ಟಿಲು ಅಂದೆ. ಬರತೇನಿ ಅಂದಳು. ಮುಂದಿನ ಮನೆಗೆ ಹೋದೆ.