ಒಂದೇ ತಂತಿಯ ಎರಡು ತುದಿ

ಮುರಿಗೆಪ್ಪನೆಂಬ ಶಿಷ್ಯನು ಕೇಳಿದನು: "ಗುರುಗಳೇ, ಮೆಲ್ಲಗೆ ಮಾತಾಡಿ ಎಂದು ಹೆಂಡತಿ ಹೇಳಿದಳು. ನಾನು ಕಷ್ಟಪಟ್ಟು ಮೆಲ್ಲಗೆ ಮಾತಾಡಲು ಕಲಿತೆ. ಅಷ್ಟರಲ್ಲಿ ಅವಳು ನನಗಾಗಿ ಗಟ್ಟಿ ಮಾತಿಗೆ ಒಗ್ಗಿಕೊಂಡಿದ್ದಳು. ಈಗ ನಾನು ಮುನಿಸಿಕೊಂಡಿದ್ದೇನೆ ಎಂದುಕೊಳ್ಳುತ್ತಾಳೆ. ಇಬ್ಬರಿಗೂ ಒಬ್ಬರ ಮೇಲೊಬ್ಬರಿಗೆ ಪ್ರೀತಿಯಿದೆ. ಇಬ್ಬರೂ ಬಗ್ಗುತ್ತೇವೆ. ಆದರೂ ಮಾತು ಕೂಡುವುದಿಲ್ಲ. ಏಕೆ?"

ಗುರುಗಳು ಹಿಂದೆ ಪಾಲಿಟೆಕ್ನಿಕ್‌ನಲ್ಲಿ ಪಾಠ ಹೇಳಿದವರು. ಅವರು ಈ ಕತೆ ಹೇಳಿದರು.

ನದಿಯ ದಂಡೆಯ ಒಂದು ಊರಿನ ಕಚೇರಿಯಲ್ಲಿ ಇಂದುಮತಿ ಎಂಬವಳು ಹಳೆಯದೊಂದು ಯುನಿಕ್ಸ್ ಕಂಪ್ಯೂಟರನ್ನು ನೋಡಿಕೊಳ್ಳುತ್ತಿದ್ದಳು. ಅವಳ ಗಂಡ ಪಂಪಾಪತಿಗೆ ಆರು ಮೈಲಿ ಮೇಲೆ, ನದಿ ಹರಿದುಬರುವ ಕಡೆ, ನೀರು ಅಳೆಯುವ ಕೆಲಸ. ಅವನ ಬಳಿ ಇದ್ದದ್ದು ಒಂದು ಟರ್ಮಿನಲ್, ಅಂದರೆ ಪರದೆ ಮತ್ತು ಕೀಲಿಮಣೆ ಮಾತ್ರ. ಎರಡರ ನಡುವೆ ಒಂದೇ ತಂತಿ. ಮೊದಲು ಅದರಲ್ಲಿ ಫೋನು ಇತ್ತು. ಅದನ್ನು ತೆಗೆದು ತಂತಿಯನ್ನು ಕಂಪ್ಯೂಟರಿಗೆ ಕೊಟ್ಟಿದ್ದರು. ದಿನಾ ಬೆಳಿಗ್ಗೆ ಹತ್ತಕ್ಕೆ ಅವನು ತನ್ನ ಹೆಸರು ಒತ್ತಿ, ಲಾಗಿನ್ ಆಗಿ, ನೀರು ಎಷ್ಟು ಅಡಿ ಎಂದು ಬರೆಯುತ್ತಿದ್ದನು. ತಿಂಡಿ ಆಯಿತೇ ಎಂದು ಕೆಳಗೊಂದು ಸಾಲು ಸೇರಿಸುತ್ತಿದ್ದನು. ಆ ಲೆಕ್ಕ ಕೇಳಿಕೊಂಡೇ ಅಂಬಿಗ ಮೌಲಾಸಾಬ ಊರ ಕಡವಿನಲ್ಲಿ ಹರಿಗೋಲು ಬಿಡುತ್ತಿದ್ದನು.

ಒಮ್ಮೆ ಸಿಡಿಲಿಗೆ ಪಂಪಾಪತಿಯ ಟರ್ಮಿನಲ್ ಸುಟ್ಟುಹೋಯಿತು. ಬೇರೊಂದನ್ನು ತಂದು ಕೂರಿಸಿದರು. ಮರುದಿನ ಹತ್ತಕ್ಕೆ ಅವನು ಹೆಸರು ಒತ್ತಿದರೆ ಅವಳ ಕಡೆ ಹೆಸರು ಬರಲಿಲ್ಲ. ಚುಕ್ಕೆ, ಕೊಕ್ಕೆ, ಆವರಣಚಿಹ್ನೆ ಬಂದವು. ಅವನ ಪರದೆಯ ಮೇಲೂ ಅಂಥದೇ ಕಸ.

ಇಂಥ ತಂತಿಯಲ್ಲಿ ಎರಡು ತುದಿಗಳೂ ಒಂದೇ ವೇಗದಲ್ಲಿ ಅಕ್ಷರ ಕಳಿಸಬೇಕು. ಇಲ್ಲವಾದರೆ ಒಂದರ ಮಾತು ಇನ್ನೊಂದಕ್ಕೆ ತಿಳಿಯುವುದಿಲ್ಲ. ಅದು ಇಬ್ಬರಿಗೂ ಗೊತ್ತಿತ್ತು. ಹೊಸ ಟರ್ಮಿನಲ್ಲಿನ ವೇಗ ಎಷ್ಟೆಂದು ಇಂದುಮತಿಗೆ ಗೊತ್ತಿರಲಿಲ್ಲ. ಕಂಪ್ಯೂಟರಿನ ಕಡೆ ಎಷ್ಟೆಂದು ಪಂಪಾಪತಿಗೆ ಗೊತ್ತಿರಲಿಲ್ಲ.

ಅವನು ಮಳೆಯಲ್ಲಿ ಒಬ್ಬನೇ ಇದ್ದಾನೆ, ತಾನೇ ಸರಿಪಡಿಸೋಣ ಎಂದು ಅವಳು ಫೈಲು ತೆರೆದು ಆ ತಂತಿಯ ವೇಗ ಬದಲಿಸಿದಳು. ಅವಳಿಗೆ ಕಚೇರಿಯ ಕೆಲಸವೇ ಸಾಕಷ್ಟಿದೆ, ತಾನೇ ಹೊಂದಿಸೋಣ ಎಂದು ಅವನು ಟರ್ಮಿನಲ್ಲಿನ ವೇಗ ಬದಲಿಸಿದನು. ಕಸವೇ ಬಂತು. ಅವಳು ಇನ್ನೊಂದು ವೇಗ ಇಟ್ಟಳು. ಅವನೂ ಇನ್ನೊಂದು ಇಟ್ಟನು. ಹೀಗೆ ಒಂದು ಗಂಟೆ ನಡೆಯಿತು. ನಡುವೆ ಒಮ್ಮೆ ಎರಡೂ ಕೂಡಿದ್ದವೋ ಏನೋ. ನೋಡುವಷ್ಟರಲ್ಲಿ ಇಬ್ಬರಲ್ಲಿ ಒಬ್ಬರು ಮುಂದಿನ ವೇಗಕ್ಕೆ ಹೋಗಿಬಿಟ್ಟಿದ್ದರು.

ಅತ್ತ ಮೇಲೆ ನೀರು ಏರುತ್ತಿತ್ತು. ಊರ ಬಳಿ ಮಾತ್ರ ಹೊಳೆ ಶಾಂತವಾಗಿಯೇ ಇತ್ತು. ಮೌಲಾಸಾಬ ಕಿಟಕಿಯ ಬಳಿ ಬಂದು ನಿಂತನು. ಆಚೆ ದಡದ ಮದುವೆಗೆ ಹೊರಟ ಇಪ್ಪತ್ತು ಜನ ಕಾಯುತ್ತಿದ್ದಾರೆ, ಮುಹೂರ್ತ ಮೀರುತ್ತದೆ ಎಂದು ಬೈಯುತ್ತಿದ್ದಾರೆ ಎಂದನು. ಇಂದುಮತಿ ಕೆಲಸ ಬಿಟ್ಟು ಎದ್ದು, ಇನ್ನು ಕಾಲು ಗಂಟೆ ಹೇಗಾದರೂ ತಡೆದು ನಿಲ್ಲಿಸು ಎಂದು ಅವನನ್ನು ಬೇಡಿಕೊಂಡಳು.

ಮರಳಿ ಬಂದು ನೋಡಿದಾಗ ಪರದೆಯ ಮೇಲೆ ಹೊಸ ಸಾಲು ಬಂದಿತ್ತು. ಅದೂ ಕಸವೇ. ಆದರೆ ಮೊದಲಿನ ಕಸವಲ್ಲ, ಬೇರೆ ಆಕಾರದ್ದು. ಅವಳು ಈ ನಡುವೆ ಏನನ್ನೂ ಮುಟ್ಟಿರಲಿಲ್ಲ. ಅಂದರೆ ಆ ತುದಿಯಲ್ಲಿ ಅವನೂ ಬದಲಿಸುತ್ತಿದ್ದಾನೆ. ಅವಳಿಗೆ ನಗು ಬಂತು, ಕಣ್ಣಲ್ಲಿ ನೀರೂ ಬಂತು. ಎರಡು ಕೈಗಳನ್ನೂ ಮಡಿಲಲ್ಲಿ ಇಟ್ಟುಕೊಂಡು ಕುಳಿತುಬಿಟ್ಟಳು. ಹಾಗೆ ಕುಳಿತಿರುವುದು ಆ ದಿನದ ಎಲ್ಲ ಕೆಲಸಕ್ಕಿಂತ ಕಷ್ಟವಾಗಿತ್ತು. ಮತ್ತೆ ಒಂದು ಸಾಲು ಕಸ ಬಂತು. ಬೆರಳು ತುಡಿದರೂ ಅವಳು ಮುಟ್ಟಲಿಲ್ಲ. ಇನ್ನೊಂದು ಸಾಲು ಬಂತು. ಅದರ ನಂತರ ಪಂಪಾಪತಿ ಎಂಬ ಹೆಸರು ಸರಿಯಾಗಿ ಮೂಡಿತು. ಅದರ ಬೆನ್ನಿಗೆ, ನೀರು ಹತ್ತೊಂಬತ್ತು ಅಡಿ, ಹರಿಗೋಲು ಬಿಡಬೇಡಿ ಎಂಬ ಸಾಲು ಬಂತು.

ಅವಳು ಕೂಗಿ ಹೇಳಿದೊಡನೆ ಮೌಲಾಸಾಬ ಓಡಿಹೋಗಿ, ಹರಿಗೋಲು ಹತ್ತಿ ಕುಳಿತಿದ್ದವರನ್ನು ಇಳಿಸಿದನು. ಅವರು ಇನ್ನೂ ಗೊಣಗುತ್ತಿರುವಾಗಲೇ ಕಡವಿನ ಮೆಟ್ಟಿಲುಗಳು ಒಂದೊಂದಾಗಿ ಮುಳುಗಿದವು. ಮದುವೆ ನಾಲ್ಕು ದಿನ ತಡವಾಗಿ ನಡೆಯಿತು. ಇಪ್ಪತ್ತು ಜನರೂ ಹೋಗಿ ಉಂಡು ಬಂದರು.

ನೀರು ಇಳಿದ ಮೇಲೆ ಪಂಪಾಪತಿ ಮನೆಗೆ ಬಂದು ಹೆಂಡತಿಯನ್ನು ಕೇಳಿದನು: "ಅಷ್ಟು ಅವಸರದಲ್ಲಿ ನೀನು ಕೈಕಟ್ಟಿ ಕೂರುವ ಧೈರ್ಯ ಹೇಗೆ ಮಾಡಿದೆ?"

ಅವಳು ಹೇಳಿದಳು: "ನೀವು ಸುಮ್ಮನೆ ಕೂರುವವರಲ್ಲ ಎಂದು ನನಗೆ ಗೊತ್ತಿತ್ತು."

ಗುರುಗಳು ಕತೆ ಮುಗಿಸಿದರು. ಹಾಗಾದರೆ ಇನ್ನು ಮೇಲೆ ನಾನು ಗಟ್ಟಿಯಾಗಿ ಮಾತಾಡಲೋ, ಮೆಲ್ಲಗೆ ಮಾತಾಡಲೋ ಎಂದು ಮುರಿಗೆಪ್ಪ ಕೇಳಿದನು.

ಗುರುಗಳು ಅವನ ಬೆನ್ನ ಮೇಲೆ ಕೈಯಿಟ್ಟು ಕೇಳಿದರು: "ಅವಳು ನಿನ್ನನ್ನು ಹುಡುಕಿಕೊಂಡು ಬರುವಷ್ಟು ಹೊತ್ತು ನೀನು ಇದ್ದಲ್ಲಿ ಇರುತ್ತೀಯಾ?"