ಎರಡನೆಯ ಮ್ಯಾಪಿನ ದರ

"ಗುರುಗಳೇ, ಸಾವಿರಾರು ಜನ ಪಣ ಕಟ್ಟಿ ನಮ್ಮ ತಂಡ ಸೋಲುತ್ತದೆ ಎಂದರೆ ಅದನ್ನು ನಂಬಬೇಡವೇ?" ಎಂದು ನಿರುಪಾದಿ ಕೇಳಿದ.

ಅವನು ಕಂಪ್ಯೂಟರ್ ಆಟದ ಪಂದ್ಯಗಳಲ್ಲಿ ಆಡುವವನು. ಮರುದಿನ ಅವನ ತಂಡಕ್ಕೆ ದೊಡ್ಡ ಪಂದ್ಯವಿತ್ತು. ಆ ತಂಡವನ್ನು ತಯಾರು ಮಾಡಿದ ಗುರು ತಿಪ್ಪೇರುದ್ರಯ್ಯನವರು ಕನ್ನಡಕ ತೆಗೆದು ಕಣ್ಣು ಒತ್ತಿಕೊಂಡರು. ಕೂತುಕೊಳ್ಳಲು ಹೇಳಿ, ಕತೆ ಶುರು ಮಾಡಿದರು.

ನಿನ್ನ ಹಾಗೆಯೇ ಒಬ್ಬ ಆಟಗಾರನಿದ್ದ. ಅವನ ತಂಡ ಫೈನಲ್ ತಲುಪಿತು. ಪಂದ್ಯಕ್ಕೆ ಮೂರು ಮ್ಯಾಪ್, ಅಂದರೆ ಆಟ ನಡೆಯುವ ಮೂರು ಬೇರೆ ಬೇರೆ ಅಂಗಳ. ಎರಡು ಗೆದ್ದವರಿಗೆ ಪಂದ್ಯ. ನೋಡುವ ಜನ ಒಂದೊಂದು ಮ್ಯಾಪಿನ ಮೇಲೂ ಪಣ ಕೊಳ್ಳುವ, ಮಾರುವ ಮಾರುಕಟ್ಟೆಯೊಂದಿತ್ತು. ತಂಡ ಗೆಲ್ಲುತ್ತದೆ ಎಂದು ನಂಬಿದವರು ಕೊಂಡರೆ ದರ ಏರುತ್ತಿತ್ತು. ಅನುಮಾನ ಬಂದವರು ಮಾರಿದರೆ ಇಳಿಯುತ್ತಿತ್ತು. ನೂರರಲ್ಲಿ ಎಷ್ಟು ದರವೋ ಗೆಲುವಿನ ಭರವಸೆ ಅಷ್ಟು.

ಮೊದಲ ಮ್ಯಾಪನ್ನು ಅವರು ಗೆದ್ದರು. ಎರಡನೆಯದು ಅವರು ಆರು ತಿಂಗಳು ಅಭ್ಯಾಸ ಮಾಡಿದ ಮ್ಯಾಪು. ಕಣ್ಣು ಮುಚ್ಚಿಕೊಂಡು ಅದರ ಬಾಗಿಲುಗಳನ್ನು ಎಣಿಸಬಲ್ಲವರಾಗಿದ್ದರು. ವಿರಾಮದಲ್ಲಿ ಈ ಮಹಾಶಯ ಶೌಚಾಲಯಕ್ಕೆಂದು ಹೋಗಿ ಫೋನಿನಲ್ಲಿ ದರ ನೋಡಿದ. ನೂರಕ್ಕೆ ಎಪ್ಪತ್ತು ಇರುತ್ತದೆಂದುಕೊಂಡಿದ್ದ, ಐವತ್ತೈದು ಇತ್ತು. ಸಪ್ಪೆ ಮುಖ ಮಾಡಿಕೊಂಡು ಬಂದು ಕೂತ. ಸ್ವಲ್ಪ ಹೊತ್ತಿಗೆ ಮತ್ತೆ ಎದ್ದು ಹೋದ. ದರ ನಲವತ್ತಕ್ಕೆ ಇಳಿದಿತ್ತು. ತಂಡದ ನಾಯಕಿ ಹೊಟ್ಟೆ ಸರಿಯಿಲ್ಲವೇ ಎಂದು ಕೇಳಿದಳು. ಅವನು, ಜನರಿಗೆ ನಮಗೆ ಕಾಣದ್ದೇನೋ ಕಂಡಿದೆ, ಈ ಸಲ ಮುನ್ನುಗ್ಗುವುದು ಬೇಡ, ಕಾದು ಆಡೋಣ ಎಂದ. ಅವಳು ಒಪ್ಪಲಿಲ್ಲ.

ಆಟ ಶುರುವಾಯಿತು. ಮೊದಲು ಒಳಗೆ ನುಗ್ಗಬೇಕಾದವನು ಅವನೇ. ಅವನು ಬಾಗಿಲ ಹಿಂದೆ ನಿಂತ. ಅವನು ನುಗ್ಗುತ್ತಾನೆಂದು ನಂಬಿ ಹೋದ ತಂಡದ ಉಳಿದ ನಾಲ್ವರೂ ಆಟದಲ್ಲಿ ಒಬ್ಬೊಬ್ಬರಾಗಿ ಸತ್ತರು. ಸುತ್ತಿನ ಮೇಲೆ ಸುತ್ತು ಹೀಗೇ ಹೋಯಿತು. ಮ್ಯಾಪು ಸೋತರು. ಜನ ಹೇಳಿದ್ದು ನಿಜವಾಯಿತಲ್ಲ ಎಂದು ಅವನು ನಾಯಕಿಗೆ ಹೇಳಿದ. ಮೂರನೆಯದನ್ನೂ ಸೋತರು.

ಸಭಾಂಗಣದ ಹೊರಗೆ ಒಬ್ಬ ವ್ಯಾಪಾರಿ ಚಹಾ ಕುಡಿಯುತ್ತಿದ್ದ. ಆ ದಿನ ಎಲ್ಲರಿಗಿಂತ ಹೆಚ್ಚು ಮಾರಿದವನು ಅವನೇ ಎಂದು ಯಾರೋ ತೋರಿಸಿದರು. ಆಟಗಾರ ಅವನ ಹತ್ತಿರ ಹೋಗಿ, ನಮ್ಮ ಆಟದಲ್ಲಿ ಯಾವ ದೋಷ ಕಂಡು ಮಾರಿದಿರಿ ಎಂದು ವಿನಯದಿಂದ ಕೇಳಿದ.

"ಆಟ ನನಗೇನು ಗೊತ್ತು ಸ್ವಾಮಿ?" ಎಂದ ವ್ಯಾಪಾರಿ. "ವಿರಾಮದಲ್ಲೂ ಪರದೆಯ ಮೇಲೆ ನಿಮ್ಮನ್ನೇ ತೋರಿಸುತ್ತಿದ್ದರು. ನೀವು ಮೊದಲ ಸಲ ಎದ್ದು ಹೋಗಿ ಮುಖ ಸಣ್ಣದು ಮಾಡಿಕೊಂಡು ಬಂದಿರಿ. ಇವರಿಗೇ ಧೈರ್ಯವಿಲ್ಲ ಅಂತ ಮಾರಿಬಿಟ್ಟೆ. ನನ್ನನ್ನು ನೋಡಿ ಉಳಿದವರೂ ಮಾರಿದರು."

ನಾಯಕಿ ಪಕ್ಕದಲ್ಲೇ ಇದ್ದಳು. ಈಗಲಾದರೂ ಇವನಿಗೆ ಅರ್ಥವಾಯಿತು ಎಂದುಕೊಂಡಳು. ಅವನು ತುಸು ಯೋಚಿಸಿ ವ್ಯಾಪಾರಿಯನ್ನು ಕೇಳಿದ:

"ಹಾಗಾದರೆ ಮುಂದಿನ ಪಂದ್ಯಕ್ಕೆ ನಮ್ಮ ದರ ಎಷ್ಟು ಬರಬಹುದು?"

ನಾಯಕಿ ಅಲ್ಲಿಂದ ಹೊರಟುಹೋದಳು. ವಾರದೊಳಗೆ ಅವನ ಜಾಗಕ್ಕೆ ಬೇರೆಯವರು ಬಂದರು.

ತಿಪ್ಪೇರುದ್ರಯ್ಯನವರು ಕತೆ ನಿಲ್ಲಿಸಿದರು. ನಿರುಪಾದಿ ನಕ್ಕು, ಅಂಥ ಮೂರ್ಖರೂ ಇರುತ್ತಾರೆಯೇ ಎಂದ.

ಗುರುಗಳು ಕನ್ನಡಕ ಹಾಕಿಕೊಂಡು ಅವನನ್ನೇ ನೋಡಿದರು.

"ನನ್ನ ಹತ್ತಿರ ಬರುವ ಮೊದಲು ಇದೇ ಪ್ರಶ್ನೆಯನ್ನು ಇನ್ನೂ ಎಷ್ಟು ಜನರನ್ನು ಕೇಳಿ ಬಂದೆಯಪ್ಪ? ನಿನ್ನ ಮುಖ ನೋಡಿದವರೆಲ್ಲ ಮಾರಿರುತ್ತಾರೆ."